ಕಾರ್ವೆಟ್‌ನ ಟೈರ್ ಅಳತೆ ಬದಲಿಸಿದ ನನ್ನ ಅನುಭವ

ಮಿಷಿಗನ್‌ನಲ್ಲಿ ನಾನು ಓಡಿಸುವುದು 2002ರ ಷೆವರ್ಲೆ ಕಾರ್ವೆಟ್, ಅಭಿಮಾನಿಗಳು ಸಿ5 ಎಂದು ಕರೆಯುವ ಐದನೆಯ ಪೀಳಿಗೆಯ ಕಾರು. 2001ರಿಂದ ಇದರ ಎಲ್ಲ ಮಾದರಿಗಳಿಗೂ ‘ಆ್ಯಕ್ಟಿವ್ ಹ್ಯಾಂಡ್ಲಿಂಗ್’ ಎಂಬ ಎಲೆಕ್ಟ್ರಾನಿಕ್ ಸ್ಥಿರತಾ ನಿಯಂತ್ರಣ ಕಾರ್ಖಾನೆಯಿಂದಲೇ ಬರುತ್ತಿತ್ತು. ಮೂಲ ಟೈರುಗಳು ಮುಂದೆ 245/45 ಆರ್17, ಹಿಂದೆ 275/40 ಆರ್18 (ಮೊದಲ ಸಂಖ್ಯೆ ಟೈರಿನ ಅಗಲ, ಮಿ.ಮೀ.ನಲ್ಲಿ; ಎರಡನೆಯದು ಟೈರಿನ ಪಕ್ಕದ ಎತ್ತರ, ಅಗಲದ ಶೇಕಡಾವಾರಿನಲ್ಲಿ; ಕೊನೆಯದು ರಿಮ್‌ನ ವ್ಯಾಸ, ಇಂಚಿನಲ್ಲಿ). ತಿರುವುಗಳಲ್ಲಿ ಮುಂಭಾಗಕ್ಕೆ ಇನ್ನಷ್ಟು ಹಿಡಿತ ಬೇಕೆನಿಸಿ ಅಗಲವಾದ ಟೈರುಗಳನ್ನು ಹಾಕಿಸಲು ಹೊರಟಾಗ ನಾನು ಮೊದಲು ಲೆಕ್ಕ ಹಾಕಿದ್ದು ಅಗಲವನ್ನಲ್ಲ, ಹಿಂದಿನ ಮತ್ತು ಮುಂದಿನ ಟೈರುಗಳ ವ್ಯಾಸದ ಅನುಪಾತವನ್ನು.

ಇದಕ್ಕೆ ಕಾರಣವಿದೆ. ಸ್ಟೀರಿಂಗ್ ಎಷ್ಟು ತಿರುಗಿದೆ, ಕಾರು ತನ್ನ ಅಕ್ಷದ ಸುತ್ತ ಎಷ್ಟು ವೇಗವಾಗಿ ಹೊರಳುತ್ತಿದೆ, ಪಕ್ಕಕ್ಕೆ ಎಷ್ಟು ಎಳೆತವಿದೆ, ನಾಲ್ಕು ಚಕ್ರಗಳೂ ಯಾವ ವೇಗದಲ್ಲಿ ಸುತ್ತುತ್ತಿವೆ ಎಂಬುದನ್ನೆಲ್ಲ ಕಂಪ್ಯೂಟರ್ ಎಡೆಬಿಡದೆ ಹೋಲಿಸಿ ನೋಡಿ, ಚಾಲಕ ಬಯಸಿದ ದಾರಿಗೂ ಕಾರು ಹಿಡಿದ ದಾರಿಗೂ ವ್ಯತ್ಯಾಸ ಕಂಡರೆ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕುತ್ತದೆ. ಟೈರಿನ ವ್ಯಾಸ ಅದಕ್ಕೆ ಕಾಣುವುದಿಲ್ಲ. ಚಕ್ರ ಸುತ್ತುವ ವೇಗ ಮಾತ್ರ ಕಾಣುತ್ತದೆ. ನಾಲ್ಕೂ ಟೈರುಗಳ ವ್ಯಾಸ ಒಂದೇ ಪ್ರಮಾಣದಲ್ಲಿ ಕಡಿಮೆಯಾದರೆ ಸ್ಪೀಡೋಮೀಟರ್ ಸ್ವಲ್ಪ ಹೆಚ್ಚು ತೋರಿಸುತ್ತದೆ, ಅಷ್ಟೇ. ಆದರೆ ಹಿಂದಿನ ಟೈರುಗಳ ವ್ಯಾಸ ಮಾತ್ರ ಕಡಿಮೆಯಾದರೆ, ನೇರ ರಸ್ತೆಯಲ್ಲಿ ಶಾಂತವಾಗಿ ಹೋಗುತ್ತಿರುವ ಕಾರಿನ ಹಿಂಚಕ್ರಗಳೂ ಜಾರುತ್ತಿರುವಂತೆ ಕಂಪ್ಯೂಟರಿಗೆ ತೋರುತ್ತದೆ.

ನನ್ನ ಕಾರಿನ ಮೂಲ ಲೆಕ್ಕ ಹೀಗಿದೆ: ಮುಂದಿನ ಟೈರಿನ ವ್ಯಾಸ 652.3 ಮಿ.ಮೀ., ಹಿಂದಿನದು 677.2 ಮಿ.ಮೀ., ಅಂದರೆ ಹಿಂದಿನದು ಶೇ. 3.8ರಷ್ಟು ದೊಡ್ಡದು. ನಾಲ್ಕೂ ಕಡೆ 275/35 ಆರ್18 ಹಾಕಿ, ಟೈರುಗಳನ್ನು ಹಿಂದೆಮುಂದೆ ಬದಲಿಸಿಕೊಳ್ಳಬಹುದೆಂಬ ಆಸೆ ಅನೇಕರಿಗೆ ಇರುವಂತೆ ನನಗೂ ಇತ್ತು. ಹಾಗೆ ಮಾಡಿದರೆ ಆ ಶೇ. 3.8 ಪೂರ್ತಿ ಇಲ್ಲವಾಗುತ್ತದೆ. ‘ಸ್ಥಿರತಾ ನಿಯಂತ್ರಣವನ್ನು ಆಫ್ ಮಾಡಿ ಓಡಿಸಿ’ ಎಂಬ ಸಲಹೆಯನ್ನು ನಾನು ಒಪ್ಪುವುದೇ ಇಲ್ಲ. ಆ ಗುಂಡಿ ಒತ್ತಿದರೂ, ಬ್ರೇಕ್ ಹಾಕಿದಾಗ ಚಕ್ರಗಳು ಸ್ತಬ್ಧವಾಗಿ ಜಾರದಂತೆ ತಡೆಯುವ ಎಬಿಎಸ್ ಅದೇ ಸಂವೇದಕಗಳನ್ನು ನೋಡುತ್ತಿರುತ್ತದೆ; ಈ ಕಾರಿನಲ್ಲಿ ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಹೋಗಬೇಕೆಂಬುದನ್ನೂ ಚಕ್ರಗಳ ವೇಗವನ್ನು ಹೋಲಿಸಿ ಕಂಪ್ಯೂಟರೇ ನಿರ್ಧರಿಸುತ್ತದೆ. ಹಿಂಚಕ್ರ ಇರುವುದಕ್ಕಿಂತ ವೇಗವಾಗಿ ಸುತ್ತುವಂತೆ ಕಂಡರೆ ಅದಕ್ಕೆ ಇನ್ನೂ ಬ್ರೇಕ್ ತಡೆದುಕೊಳ್ಳುವ ಶಕ್ತಿಯಿದೆ ಎಂಬ ತಪ್ಪು ತೀರ್ಮಾನಕ್ಕೆ ಆಸ್ಪದವಾಗುತ್ತದೆ. ಒದ್ದೆ ರಸ್ತೆಯಲ್ಲಿ ಹಿಂಬದಿ ಮೊದಲು ಜಾರುವ ಕಾರು ಎಷ್ಟು ಅಪಾಯಕಾರಿ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಎಷ್ಟು ವ್ಯತ್ಯಾಸ ನಡೆಯುತ್ತದೆ? ಹೊಸ ಟೈರಿನ ಮೇಲ್ಮೈಯ ತೋಡುಗಳ ಆಳ ಸುಮಾರು 8 ಮಿ.ಮೀ.; ಸವೆದು 1.6ಕ್ಕೆ ಬರುವ ಹೊತ್ತಿಗೆ ವ್ಯಾಸ ಸುಮಾರು ಶೇ. 2ರಷ್ಟು ಇಳಿದಿರುತ್ತದೆ. ಒಂದು ಕಡೆ ಹೊಸತು, ಇನ್ನೊಂದು ಕಡೆ ಸವೆದದ್ದು ಇರುವ ಕಾರನ್ನೂ ತಯಾರಕರು ಲೆಕ್ಕಕ್ಕೆ ತೆಗೆದುಕೊಂಡೇ ಇರಬೇಕು. ಆದ್ದರಿಂದ ಶೇ. 2 ನನ್ನ ಗಡಿ ಎಂದು ನಿಶ್ಚಯಿಸಿಕೊಂಡೆ. ಅದರಲ್ಲೂ ಬಹುಪಾಲನ್ನು ಸವೆತಕ್ಕೇ ಬಿಡಬೇಕಿತ್ತು.

ಉತ್ತರ ಅದೇ ಪೀಳಿಗೆಯ ಝಡ್06 ಮಾದರಿಯಲ್ಲಿ ಸಿಕ್ಕಿತು. ಅದರ ಟೈರುಗಳು ಮುಂದೆ 265/40 ಆರ್17, ಹಿಂದೆ 295/35 ಆರ್18. ವ್ಯಾಸ ಕ್ರಮವಾಗಿ 643.8 ಮತ್ತು 663.7 ಮಿ.ಮೀ., ವ್ಯತ್ಯಾಸ ಶೇ. 3.1. ಮೂಲ ಅನುಪಾತದಿಂದ ದೂರ ಸರಿದದ್ದು ಶೇ. 0.7 ಮಾತ್ರ. ಇವಕ್ಕೆ ಒಂದೊಂದು ಇಂಚು ಹೆಚ್ಚು ಅಗಲದ ರಿಮ್ ಬೇಕಾದ್ದರಿಂದ 9.5 ಮತ್ತು 10.5 ಇಂಚಿನ ರಿಮ್‌ಗಳನ್ನೇ ಕೊಂಡೆ. ಸ್ಪೀಡೋಮೀಟರ್ ಈಗ ಶೇ. 2ರಷ್ಟು ಹೆಚ್ಚು ತೋರಿಸುತ್ತದೆ. ಕಡಿಮೆ ತೋರಿಸುವುದಕ್ಕಿಂತ ಅದು ವಾಸಿ.

ಕಾಗದದ ಲೆಕ್ಕವನ್ನೇ ನಂಬಿ ಕೂರಬಾರದು. ಒಂದೇ ಅಳತೆ ಬರೆದಿದ್ದರೂ ಬೇರೆ ಬೇರೆ ಕಂಪನಿಗಳ ಟೈರುಗಳು ಒಂದು ಮೈಲಿ ದೂರಕ್ಕೆ ಸುತ್ತುವ ಸಂಖ್ಯೆ ಬೇರೆಯಾಗಿರುತ್ತದೆ, ಆದ್ದರಿಂದ ನಾಲ್ಕೂ ಟೈರುಗಳನ್ನು ಒಂದೇ ಕಂಪನಿಯ ಒಂದೇ ಮಾದರಿಯಲ್ಲಿ ಆರಿಸಿದೆ. ಗಾಳಿಯ ಒತ್ತಡ ಸರಿಪಡಿಸಿ, ಚಾಲಕನ ಆಸನದಲ್ಲಿ ಒಬ್ಬರನ್ನು ಕೂರಿಸಿ, ಟೈರಿಗೂ ನೆಲಕ್ಕೂ ಸೀಮೆಸುಣ್ಣದ ಗುರುತು ಹಾಕಿ, ಕಾರನ್ನು ತಳ್ಳಿಸಿ ಕೆಲವು ಸುತ್ತುಗಳ ದೂರವನ್ನು ಟೇಪಿನಿಂದ ಅಳೆದೆ. ವೀಲ್ ಅಲೈನ್‌ಮೆಂಟ್ ಆದ ಮೇಲೆ ಕಾರಿನ ಕಂಪ್ಯೂಟರಿನ ಮಾಹಿತಿ ಓದುವ ಟೆಕ್ 2 ಸ್ಕ್ಯಾನರ್ ಜೋಡಿಸಿ, ಖಾಲಿ ಮೈದಾನದಲ್ಲಿ ನೇರವಾಗಿಯೂ, ಎಡಕ್ಕೆ ಬಲಕ್ಕೆ ದೊಡ್ಡ ವೃತ್ತಗಳಲ್ಲಿಯೂ ನಿಧಾನವಾಗಿ ಓಡಿಸಿ ನಾಲ್ಕು ಚಕ್ರಗಳ ವೇಗವನ್ನು ಗಮನಿಸಿದೆ. ಈ ಪರೀಕ್ಷೆಯನ್ನು ಸಾಮಾನ್ಯ ಸ್ಥಿತಿಯಲ್ಲೇ ಮಾಡಬೇಕು: ಅದೇ ಗುಂಡಿಯನ್ನು ಒತ್ತಿ ಹಿಡಿದು ಸ್ಪರ್ಧೆಯ ಸ್ಥಿತಿಗೆ ಹೋದರೆ, ಹಿಂಚಕ್ರಗಳು ಜಾರಿ ಸುತ್ತದಂತೆ ತಡೆಯುವ ಟ್ರ್ಯಾಕ್ಷನ್ ಕಂಟ್ರೋಲ್ ನಿಂತುಹೋಗಿ, ಅನುಪಾತದ ದೋಷವನ್ನು ಮೊದಲು ಹೇಳಬೇಕಾದದ್ದೇ ಮೌನವಾಗುತ್ತದೆ. ಕಾರಣವಿಲ್ಲದೆ ಎಂಜಿನ್ ಶಕ್ತಿ ಕುಗ್ಗುವುದಾಗಲಿ, ಬ್ರೇಕ್ ತಾನಾಗಿ ಹಿಡಿಯುವುದಾಗಲಿ ಎಲ್ಲಿಯೂ ಆಗಲಿಲ್ಲ.

ಈಗ ನಾನು ಬಿಡದೆ ಪಾಲಿಸುವುದು ಸವೆತದ ಲೆಕ್ಕ. ಈ ಕಾರಿನಲ್ಲಿ ಶಕ್ತಿ ಹರಿಯುವುದು ಹಿಂಚಕ್ರಗಳಿಗೆ, ಆದ್ದರಿಂದ ಬೇಗ ಸವೆಯುವುದೂ ಅವೇ. ನನ್ನ ಅನುಪಾತ ಇಳಿದಿರುವುದೂ ಅದೇ ದಿಕ್ಕಿನಲ್ಲಿ. ಮುಂದಿನ ಮತ್ತು ಹಿಂದಿನ ಟೈರುಗಳ ತೋಡುಗಳ ಆಳದಲ್ಲಿ 4 ಮಿ.ಮೀ. ಅಂತರವಾದರೆ ಇನ್ನೂ ಸುಮಾರು ಶೇ. 1.2 ಸೇರಿ ನನ್ನ ಗಡಿಯ ಹತ್ತಿರ ಬರುತ್ತದೆ. ಆ ಅಂತರ ಬರುವ ಮುಂಚೆಯೇ, ಇನ್ನೂ ಓಡುವಂತಿದ್ದರೂ ಸರಿ, ಹಿಂದಿನ ಎರಡೂ ಟೈರುಗಳನ್ನು ಬದಲಿಸಿಬಿಡುತ್ತೇನೆ.