ನಗರ ಲಾಂಛನವನ್ನು ಹೊಸದಾಗಿ ಬಿಡಿಸುವಾಗ

ಯುರೋಪಿನ ಹಳೆಯ ನಗರವೊಂದರ ಲಾಂಛನ ಬಿಡಿಸುವ ಕೆಲಸ ಬಂದರೆ ನಾನು ಮೊದಲು ಕೇಳುವುದು ಅದರ ಅಧಿಕೃತ ವರ್ಣನೆಯನ್ನು. ಚಿತ್ರ ಆಮೇಲೆ. ಬರ್ಲಿನ್‌ನದನ್ನೇ ನೋಡಿ: ಬೆಳ್ಳಿಯ ನೆಲದ (ಅಂದರೆ ಗುರಾಣಿಯ ಹಿನ್ನೆಲೆಯ) ಮೇಲೆ ಹಿಂಗಾಲಲ್ಲಿ ನಿಂತು ನಡೆಯುವ ಕಪ್ಪು ಕರಡಿ, ಉಗುರು ಮತ್ತು ನಾಲಿಗೆ ಕೆಂಪು. ಗುರಾಣಿಯ ಮೇಲೆ ಐದೆಲೆಯ ಚಿನ್ನದ ಕಿರೀಟ. ಕಿರೀಟದ ಪಟ್ಟಿ ಕಲ್ಲು ಕಟ್ಟಿದ ಗೋಡೆಯಂತೆ, ನಡುವೆ ಮುಚ್ಚಿದ ಬಾಗಿಲು. ಇದರಲ್ಲಿ ಒಂದು ಮಾತು ಬಿಟ್ಟರೂ ಲಾಂಛನ ತಪ್ಪಾಗುತ್ತದೆ. ನಕಲಿನ ನಕಲನ್ನು ನೋಡಿ ಬಿಡಿಸಿದರೆ ಮೊದಲು ಕಳೆದುಹೋಗುವುದು ಆ ಕೆಂಪು ಉಗುರೇ. ವರ್ಣನೆಯ ಜೊತೆಗೆ ನಗರವೇ ಒಪ್ಪಿದ ಮಾದರಿ ಚಿತ್ರವೂ ಇದ್ದರೆ ಅದರ ಗೆರೆಗೆ ಕೈ ಹಚ್ಚಬಾರದು.

ವರ್ಣನೆಯಲ್ಲಿ ‘ಬಲ’ ಎಂದರೆ ಗುರಾಣಿ ಹಿಡಿದವನ ಬಲ, ಅಂದರೆ ನೋಡುವವರ ಎಡ. ಹೊಸಬರು ಎಡವುವುದು ಇಲ್ಲೇ. ಲಂಡನ್ ಸಿಟಿಯ ಗುರಾಣಿಯಲ್ಲಿ ಕೆಂಪು ಶಿಲುಬೆಯ ಜೊತೆಗಿನ ಕೆಂಪು ಖಡ್ಗ ನಮ್ಮ ಕಣ್ಣಿಗೆ ಎಡ ಮೇಲ್ಮೂಲೆಯಲ್ಲೇ ಇರಬೇಕು. ಅದು ಸಂತ ಪೌಲನ ಖಡ್ಗ. ಇಂಗ್ಲೆಂಡಿನ ರೈತ ದಂಗೆಯ ನಾಯಕ ವಾಟ್ ಟೈಲರನನ್ನು ಇರಿದ ಕಠಾರಿ ಅದು ಎಂಬ ಕಥೆ ಇನ್ನೂ ಓಡಾಡುತ್ತಿದೆ. ಟೈಲರ್ ಸತ್ತದ್ದು 1381ರ ಜೂನ್‌ನಲ್ಲಿ, ಖಡ್ಗ ಅದಕ್ಕೂ ಮುಂಚಿನದು. ಅರ್ಥ ಗೊತ್ತಿದ್ದರೆ ಖಡ್ಗವನ್ನು ಕಠಾರಿಯಷ್ಟು ಮೋಟು ಮಾಡುವ ತಪ್ಪು ಆಗುವುದಿಲ್ಲ.

ಬಣ್ಣದ ವಿಚಾರಕ್ಕೆ ಹೆಚ್ಚು ಸಮಯ ಕೊಡಬೇಕು. ಚಿನ್ನ, ಬೆಳ್ಳಿ ಇವೆರಡು ಲೋಹ. ಕೆಂಪು, ನೀಲಿ, ಕಪ್ಪು, ಹಸಿರು, ನೇರಳೆ ಬಣ್ಣ. ಲೋಹದ ಮೇಲೆ ಲೋಹ, ಬಣ್ಣದ ಮೇಲೆ ಬಣ್ಣ ಕೂರಿಸಬಾರದು, ದೂರದಿಂದ ಎರಡೂ ಬೆರೆತುಹೋಗುತ್ತವೆ. ಆಮ್‌ಸ್ಟರ್‌ಡಾಮ್‌ನ ಲಾಂಛನ ಇದನ್ನು ಮೀರಿದ್ದು: ಕೆಂಪು ನೆಲದ ಮೇಲೆ ನೆಟ್ಟಗಿನ ಕಪ್ಪು ಪಟ್ಟಿ, ಅದರೊಳಗೆ ಒಂದರ ಕೆಳಗೊಂದು ಮೂರು ಬೆಳ್ಳಿ ಕತ್ತರಿ ಶಿಲುಬೆ (X ಆಕಾರದ್ದು). ಅದನ್ನು ತಿದ್ದುವ ಹಕ್ಕು ನಮಗಿಲ್ಲ. ಆದರೆ ಒಂದೇ ಬಣ್ಣದ ಮುದ್ರಣದಲ್ಲಿ ಕೆಂಪೂ ಕಪ್ಪಾಗಿ ಪಟ್ಟಿಯೇ ಮಾಯವಾಗುತ್ತದೆ. ಆಗ ನೆರವಿಗೆ ಬರುವುದು ಹದಿನೇಳನೇ ಶತಮಾನದಿಂದ ರೂಢಿಯಲ್ಲಿರುವ ಗೆರೆ ಪದ್ಧತಿ. ಕೆಂಪಿಗೆ ಲಂಬ ಗೆರೆ, ನೀಲಿಗೆ ಅಡ್ಡ ಗೆರೆ, ಹಸಿರಿಗೆ ನಮ್ಮ ಎಡ ಮೇಲಿನಿಂದ ಬಲ ಕೆಳಕ್ಕೆ ಓರೆ ಗೆರೆ, ಚಿನ್ನಕ್ಕೆ ಚುಕ್ಕಿ, ಬೆಳ್ಳಿಗೆ ಖಾಲಿ. ಆಮ್‌ಸ್ಟರ್‌ಡಾಮ್‌ನ ನೆಲಕ್ಕೆ ಲಂಬ ಗೆರೆ ಹಾಕಿ, ಪಟ್ಟಿಯನ್ನು ಪೂರ್ತಿ ಕಪ್ಪಿಟ್ಟರೆ ಸರಿಹೋಗುತ್ತದೆ.

20 ಮಿ.ಮೀ. ಎತ್ತರದ ಗುರಾಣಿಗೆ ನಾನು 0.15 ಮಿ.ಮೀ. ದಪ್ಪದ ಗೆರೆಗಳನ್ನು 0.8 ಮಿ.ಮೀ. ಅಂತರದಲ್ಲಿ ಹಾಕುತ್ತೇನೆ. ಇದೇ ಫೈಲನ್ನು ಕುಗ್ಗಿಸಿ ಬೇರೆಡೆ ಬಳಸಿದರೆ ಗೆರೆಗಳು ಒಂದಕ್ಕೊಂದು ಅಂಟಿ ಬೂದು ಕಲೆಯಾಗುತ್ತವೆ. ಅದಕ್ಕೇ ಪ್ರತಿ ಅಳತೆಗೂ ಬೇರೆ ವೆಕ್ಟರ್ ಫೈಲ್. ರಬ್ಬರ್ ಸ್ಟಾಂಪಿಗೆ ಗೆರೆ ತುಂಬುವುದೇ ಬೇಡ, ಶಾಯಿ ಕಟ್ಟಿಕೊಳ್ಳುತ್ತದೆ, 0.3 ಮಿ.ಮೀ.ಗಿಂತ ಸಣ್ಣ ಗೆರೆ ಇಡದೆ ಬರೀ ಹೊರರೇಖೆ ಸಾಕು. ಪತ್ರದ ಮೇಲೆ ಚಿನ್ನಕ್ಕೆ ಹಳದಿ, ಬೆಳ್ಳಿಗೆ ಬಿಳಿ ಎಂದೇ ನನ್ನ ಒತ್ತಾಯ. ಹೊಳೆಯುವ ಫಾಯಿಲ್ ನೋಡಲು ಚೆಂದ, ಜೆರಾಕ್ಸ್ ತೆಗೆದರೆ ಕಪ್ಪು.

ಗುರಾಣಿಯ ಮೇಲಿನದು ಕೋಟೆಯಂಥ ಕಿರೀಟವಾದರೆ ಅದರ ಗೋಪುರಗಳನ್ನು ಅಂದಕ್ಕೆಂದು ಹೆಚ್ಚು ಕಡಿಮೆ ಮಾಡಬಾರದು. ಪೋರ್ಚುಗಲ್‌ನಲ್ಲಿ ನಗರಕ್ಕೆ ಐದು ಬೆಳ್ಳಿ ಗೋಪುರ, ಪಟ್ಟಣಕ್ಕೆ ನಾಲ್ಕು. ಚಿನ್ನದ್ದು ರಾಜಧಾನಿ ಲಿಸ್ಬನ್‌ಗೆ. ಒಂದು ಗೋಪುರ ಕೂಡಿಸಿದರೆ ಊರಿನ ದರ್ಜೆಯನ್ನೇ ಬದಲಿಸಿದಂತೆ.

ಎತ್ತರ 15 ಮಿ.ಮೀ.ಗಿಂತ ಕಡಿಮೆಯಾದರೆ ಅಕ್ಕಪಕ್ಕದ ಸಿಂಹಗಳನ್ನೂ ಧ್ಯೇಯವಾಕ್ಯವನ್ನೂ ಬಿಟ್ಟು ಗುರಾಣಿ ಮಾತ್ರ ಉಳಿಸುತ್ತೇನೆ. ಹಲವು ನಗರಗಳಲ್ಲಿ ದೊಡ್ಡ ಲಾಂಛನ, ಸಣ್ಣ ಲಾಂಛನ ಎಂದು ಎರಡು ರೂಪ ಇರುವುದರಿಂದ ಇದಕ್ಕೆ ಅಡ್ಡಿಯಿಲ್ಲ. ಅಂಗಡಿಯವರೋ ಸಂಘದವರೋ ಕೇಳಿದರೆ ಮಾತ್ರ ಮೊದಲು ನಗರದ ಅನುಮತಿ ನೋಡಬೇಕು. ಹ್ಯಾಂಬರ್ಗ್‌ನಲ್ಲಿ ಲಾಂಛನ ಸರ್ಕಾರಿ ಕಚೇರಿಗಳಿಗೆ ಮೀಸಲು. ಜನರ ಬಳಕೆಗೆ ಆ ಲಾಂಛನದಲ್ಲಿರುವ ಕೋಟೆಯದೇ ಸರಳ ಚಿಹ್ನೆ ಬೇರೆಯೇ ಇದೆ.

ಕಸೂತಿಗೆ ಕೊಡುವಾಗ ಯಾವ ಪಟ್ಟಿಯೂ 1 ಮಿ.ಮೀ.ಗಿಂತ ಸಣ್ಣದಿರಬಾರದು, ಅಕ್ಷರ 5 ಮಿ.ಮೀ. ಎತ್ತರವಾದರೂ ಇರಲಿ. ಬಾವುಟದಲ್ಲಿ ಪ್ರಾಣಿಯ ಮುಖ ಕಂಬದ ಕಡೆಗಿರಬೇಕು. ಒಂದೇ ಪದರದ ಬಟ್ಟೆಯಾದರೆ ಹಿಂಬದಿಯಲ್ಲೂ ಅದು ತಾನಾಗಿಯೇ ಕಂಬದತ್ತ ಬರುತ್ತದೆ, ಆದರೆ ಅಕ್ಷರ ತಿರುಗುಮುರುಗಾಗುತ್ತದೆ. ಧ್ಯೇಯವಾಕ್ಯ ಬೇಕೇ ಬೇಕೆಂದರೆ ಎರಡು ಪದರ ಹೊಲಿಸಿ, ನಡುವೆ ಬೆಳಕು ತಡೆಯುವ ಬಟ್ಟೆ ಇಡಿಸಬೇಕು.