ಅಘನಾಶಿನಿಯಲ್ಲಿ ಉಪ್ಪುನೀರಿನ ಗಡಿ ಹುಡುಕುವ ಬಗೆ

ಉತ್ತರ ಕನ್ನಡದ ಅಘನಾಶಿನಿ ಹೊಳೆಯನ್ನು ನೋಡಲು ಹೊರಟವರು ಹೆಚ್ಚಾಗಿ ಅದು ಹುಟ್ಟುವ ಶಿರಸಿಯ ಶಂಕರಹೊಂಡ ನೋಡಿ, ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕುವ ಕೆಪ್ಪ ಜೋಗ ನೋಡಿ, ಅಲ್ಲಿಂದ ನೇರ ಕಡಲದಂಡೆಗೆ ಇಳಿದುಬಿಡುತ್ತಾರೆ. ನಡುವಿನ ಹೊಳೆ ಹಾಗೇ ಉಳಿಯುತ್ತದೆ. ನಾನು ಇದನ್ನು ಕೆಳಗಿನಿಂದ ಮೇಲಕ್ಕೆ, ಕಡಲಬದಿಯ ತದಡಿಯಿಂದ ಒಳನಾಡಿನ ಉಪ್ಪಿನಪಟ್ಟಣದ ಕಡೆಗೆ ನೋಡುತ್ತ ಹೋಗುತ್ತೇನೆ. ಹುಡುಕುವುದು ಒಂದನ್ನೇ: ಉಪ್ಪುನೀರು ಎಲ್ಲಿಯತನಕ ಹತ್ತುತ್ತದೆ? ಗಿಡ, ಚಿಪ್ಪು, ಬೆಳೆ, ಬಾವಿ, ಕೋಟೆ, ದೋಣಿ ಕಟ್ಟುವ ಜಾಗ ಎಲ್ಲವೂ ಆ ಗಡಿಯ ಲೆಕ್ಕದಲ್ಲೇ ಕೂತಿವೆ. ಈ ಹೊಳೆಗೆ ಅಣೆಕಟ್ಟಿಲ್ಲ. ಹಾಗಾಗಿ ಗಡಿ ಮಳೆ-ಬೇಸಿಗೆಗೆ ತಕ್ಕಂತೆ ತಾನಾಗಿ ಸರಿಯುತ್ತದೆ. ಶರಾವತಿಯಲ್ಲೂ ಕಾಳಿಯಲ್ಲೂ ವಿದ್ಯುದಾಗಾರ ಬಿಟ್ಟ ನೀರು ಈ ಲೆಕ್ಕವನ್ನು ಕೆಡಿಸುತ್ತದೆ.

ಮೊದಲು ದಿನ ಗೊತ್ತುಮಾಡಬೇಕು. ಅಮಾಸೆ, ಹುಣ್ಣಿಮೆ ಕಳೆದ ಒಂದೆರಡು ದಿನ ನೀರಿನ ಏರಿಳಿತ ಅತಿ ಹೆಚ್ಚು. ಅಷ್ಟಮಿಯ ಆಸುಪಾಸಿನಲ್ಲಿ ಕಡಿಮೆ. ಚಿಪ್ಪು, ಕೆಸರುಬಯಲು, ಕಾಂಡ್ಲಾ (ಮ್ಯಾಂಗ್ರೋವ್) ಬೇರು ನೋಡಬೇಕಿದ್ದರೆ ದೊಡ್ಡ ಇಳಿತ ಬೇಕು. ಉಪ್ಪು ಎಷ್ಟು ದೂರ ಹೋಗುತ್ತದೆ ಎಂದು ಅಳೆಯಲು ದೊಡ್ಡ ಭರತ (ಉಬ್ಬರ) ಬೇಕು. ಕಾರವಾರ ಬಂದರಿನ ಭರತ-ಇಳಿತದ ಪಟ್ಟಿಯನ್ನು ಆಧಾರವಾಗಿ ಇಟ್ಟುಕೊಳ್ಳಿ, ಆದರೆ ಅದು ಕಡಲಬದಿಯ ಹೊತ್ತು. ಹೊಳೆಯೊಳಗೆ ಹೋದಷ್ಟೂ ನೀರು ತಡವಾಗಿ ಏರುತ್ತದೆ. ಎಷ್ಟು ತಡ ಎಂಬುದನ್ನು ಜಾಗದಲ್ಲೇ ಕಂಡುಕೊಳ್ಳಬೇಕು. ಹತ್ತು ಸೆಂಟಿಮೀಟರಿಗೊಂದು ಗೆರೆ ಕೊರೆದ ಬಿದಿರಿನ ಗಳವನ್ನು ದಂಡೆಯ ಹತ್ತಿರ ಊರಿ, ಹತ್ತು ನಿಮಿಷಕ್ಕೊಮ್ಮೆ ಓದಿ ಬರೆದುಕೊಳ್ಳಿ. ಎರಡು ಸಲ ಓದಿದಾಗಲೂ ಅಂಕಿ ಅಲ್ಲೇ ನಿಂತರೆ ಅದು ಆ ಜಾಗದ ಭರತದ ಹೊತ್ತು. ಮರುದಿನ ಅದಕ್ಕೆ ಸುಮಾರು 50 ನಿಮಿಷ ಕೂಡಿಸಿದರೆ ಸಾಕು.

ಉಪ್ಪು ಅಳೆಯಲು ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರ್ ಸಾಕು. ಕೊಳ್ಳುವಾಗ ಉಪ್ಪಿನ ಅಳತೆಯದೇ ಎಂದು ಖಚಿತ ಮಾಡಿಕೊಳ್ಳಿ. ಕಬ್ಬಿನ ಹಾಲು, ಹಣ್ಣಿನ ರಸದ ಸಕ್ಕರೆ ಅಳೆಯುವುದೂ ನೋಡಲು ಹಾಗೇ ಇರುತ್ತದೆ. ಪ್ರತಿ ಬಾರಿಯೂ ಮೊದಲು ಬಟ್ಟಿ ಇಳಿಸಿದ ನೀರಿನ ಒಂದು ಹನಿ ಹಾಕಿ ಸೊನ್ನೆಗೆ ತರಬೇಕು, ನೆರಳಲ್ಲಿ ಓದಬೇಕು. ಕಡಲ ನೀರು ಸಾವಿರಕ್ಕೆ ಸುಮಾರು 35 ತೋರಿಸುತ್ತದೆ. ಸಾವಿರಕ್ಕೆ ಎರಡಕ್ಕಿಂತ ಕೆಳಗೆ ಈ ಉಪಕರಣವನ್ನು ನಂಬಲಾಗದು. ಗಡಿಯ ಹತ್ತಿರ, ನೀರಲ್ಲಿ ಕರಗಿದ ಲವಣ ತೋರಿಸುವ ಟಿಡಿಎಸ್ ಪೆನ್ನು ಬಳಸುತ್ತೇನೆ.

ಹೆಚ್ಚಿನವರ ಲೆಕ್ಕ ತಪ್ಪುವುದು ನೀರು ತೆಗೆಯುವಲ್ಲಿ. ದಂಡೆಯಲ್ಲಿ ನಿಂತು ಮೇಲಿನ ನೀರು ಮೊಗೆದರೆ ಸಿಹಿ ಎಂದೇ ತೋರುತ್ತದೆ. ಉಪ್ಪುನೀರು ತೂಕದ್ದು, ಸಿಹಿನೀರಿನ ಅಡಿಗೆ ನುಸುಳಿ ಹೊಳೆಯ ತಳ ಹಿಡಿದು ಮೇಲೆ ಹೋಗುತ್ತದೆ. ಅದಕ್ಕೆ ಅರ್ಧ ಲೀಟರಿನ ಗಾಜಿನ ಬಾಟಲಿಗೆ ಮುಳುಗುವಷ್ಟು ಕಲ್ಲು ಕಟ್ಟಿ, ಬಾಯಿಗೆ ಬಿರಡೆ ಹಾಕಿ, ಬಿರಡೆಗೆ ಬೇರೆ ಹುರಿ ಕಟ್ಟಿ. ಬಾಟಲಿ ತಳ ಮುಟ್ಟಿದ ಮೇಲೆ ಒಂದಡಿ ಎತ್ತಿ ಬಿರಡೆಯ ಹುರಿ ಜಗ್ಗಬೇಕು. ಗುಳ್ಳೆ ನಿಂತ ಮೇಲೆ ಬಾಟಲಿಯನ್ನು ಮೇಲಕ್ಕೆ ಎಳೆದುಕೊಳ್ಳಿ. ತಳವನ್ನು ಕೆದಕಿದರೆ ಕೆಸರು ತುಂಬಿ ಓದಲು ಬರುವುದಿಲ್ಲ. ಹೊಳೆಯ ನಡುವಿನ ಆಳದಲ್ಲಿ, ದೋಣಿಯಿಂದಲೇ ಇದನ್ನು ಮಾಡಬೇಕು. ದೋಣಿ ನಡೆಸುವವರು ಆ ಭಾಗದ ಅಂಬಿಗರೇ ಆಗಿರಲಿ, ಮೈಮೇಲೆ ಜೀವರಕ್ಷಕ ಜಾಕೆಟ್ ಇರಲಿ.

ಉಪಕರಣವಿಲ್ಲದೆಯೂ ದಂಡೆಯನ್ನು ಓದಬಹುದು. ನನಗೆ ಹೆಚ್ಚು ಪ್ರೀತಿಯ ಕೆಲಸವೂ ಅದೇ. ಹೊಳೆ ಕಡಲು ಸೇರುವ ಅಳಿವೆಯ ಹತ್ತಿರ ಬಿಳಿ ಹೂವಿನ ಸೋನರೇಶಿಯಾ ಆಲ್ಬಾ ಇದ್ದರೆ, ಉಪ್ಪು ತಗ್ಗಿದ ಮೇಲ್ಭಾಗದಲ್ಲಿ ಕೆಂಪು ಕೇಸರದ ಸೋನರೇಶಿಯಾ ಕ್ಯಾಸಿಯೊಲಾರಿಸ್ ಕಾಣಿಸುತ್ತದೆ. ಅದರ ಹೂವು ರಾತ್ರಿ ಅರಳುತ್ತದೆ, ಬೆಳಿಗ್ಗೆ ಬೇಗ ಹೋದರೆ ಉದುರಿದ ಕೇಸರ ನೀರ ಮೇಲೆ ಸಿಗುತ್ತದೆ. ಊರುಗೋಲು ಬೇರಿನ ರೈಜೋಫೋರಾ, ಕೆಸರಿನಿಂದ ಪೆನ್ಸಿಲಿನಂತೆ ಎದ್ದ ಉಸಿರುಬೇರಿನ ಅವಿಸೆನ್ನಿಯಾ ಗುರುತಿಸುವುದು ಸುಲಭ. ಎಕ್ಸೊಕೇರಿಯಾ ಎಂಬ ಗಿಡದ ಎಲೆ ಮುರಿಯಬೇಡಿ. ಬಿಳಿ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಇನ್ನೂ ಮೇಲೆ ಹೋದಂತೆ ಕಾಂಡ್ಲಾ ವಿರಳವಾಗಿ ಕೇದಗೆ ಜಾತಿಯ ಮುಂಡಿಗೆ ಹೆಚ್ಚುತ್ತದೆ. ತೆಂಗು ಉಪ್ಪನ್ನು ಅಷ್ಟಿಷ್ಟು ತಾಳಿಕೊಳ್ಳುತ್ತದೆ, ಅಡಿಕೆ ತಾಳುವುದಿಲ್ಲ. ಅಡಿಕೆ ತೋಟ ಹೊಳೆಯ ಅಂಚಿಗೇ ಇಳಿದು ಬಂದ ಮೊದಲ ಜಾಗವನ್ನು ನಕ್ಷೆಯಲ್ಲಿ ಗುರುತು ಹಾಕಿ. ಬೇಸಿಗೆಯ ಬಾಟಲಿಯ ಅಂಕಿಯನ್ನು ಅದರ ಪಕ್ಕ ಇಟ್ಟು ನೋಡಿ.

ಕೆಸರಿಗೆ ಇಳಿಯುವಾಗ ಗಂಬೂಟು ಬೇಡ. ಕಾಲು ಮೇಲೆ ಬಂದರೂ ಬೂಟು ಕೆಳಗೇ ಉಳಿಯುತ್ತದೆ. ಬಿಗಿಯಾಗಿ ದಾರ ಕಟ್ಟಿದ ಕ್ಯಾನ್ವಾಸ್ ಬೂಟು ಒಳ್ಳೆಯದು, ಬರಿಗಾಲಿಗೆ ಕಲ್ಲಿಗಂಟಿದ ಚಿಪ್ಪು ಕತ್ತಿಯಷ್ಟು ಹರಿತ. ಬಳಚು (ತಿನ್ನುವ ಚಿಪ್ಪು) ಆರಿಸುವ ಹೆಂಗಸರು ಕೆಲಸ ಮಾಡುವ ದಿಬ್ಬಗಳಲ್ಲಿ ಕೇಳದೆ ಅಗೆಯಬಾರದು, ಅದು ಅವರ ದಿನದ ಅನ್ನ. ಈ ಅಳಿವೆಗೆ 2024ರಲ್ಲಿ ರಾಮ್ಸಾರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶದ, ಮಾನ್ಯತೆ ಸಿಕ್ಕಿದೆ.

ಮಾಣಿಕಟ್ಟಾ ಕಡೆಯ ಗಜನಿಗಳನ್ನು, ಅಂದರೆ ಒಡ್ಡು ಕಟ್ಟಿದ ಉಪ್ಪುನೆಲದ ಗದ್ದೆಗಳನ್ನು, ಎರಡು ಸಲ ನೋಡಬೇಕು. ಮಳೆ ಬಂದು ಮಣ್ಣಿನ ಉಪ್ಪು ತೊಳೆದುಹೋದ ಮೇಲೆ ಅಲ್ಲಿ ಕಗ್ಗ ಭತ್ತ ಬೆಳೆಯುತ್ತದೆ. ಉಪ್ಪನ್ನೂ ಕೆಲವು ದಿನದ ಮುಳುಗಡೆಯನ್ನೂ ತಡೆಯುವ, ಎತ್ತರಕ್ಕೆ ಬೆಳೆಯುವ ತಳಿ ಅದು. ಕೊಯ್ಲಾದ ಮೇಲೆ ಒಡ್ಡಿನ ಹಲಗೆ ಬಾಗಿಲು ಎತ್ತಿ ಭರತದ ನೀರು ಒಳಗೆ ಬಿಡುತ್ತಾರೆ. ಕೊಳೆಯುವ ಕೂಳೆ ಸಿಗಡಿಗೆ ಆಹಾರ. ಇಳಿತಕ್ಕೆ ಬಾಗಿಲ ಬಾಯಿಗೆ ಬಲೆ ಕಟ್ಟಿದರೆ ಸಿಗಡಿ ಮೀನು ಅದರಲ್ಲೇ ಬಂದು ಬೀಳುತ್ತದೆ. ಎಲ್ಲೋ ಒಂದು ಕಡೆ ಒಡ್ಡು ಒಡೆದರೆ ಇಡೀ ಬಯಲಿಗೇ ಉಪ್ಪು ನುಗ್ಗುತ್ತದೆ, ಆದ್ದರಿಂದ ಈ ಬೇಸಾಯ ಒಬ್ಬಿಬ್ಬರಿಂದ ಆಗುವುದಲ್ಲ.

ಮಿರ್ಜಾನ್ ಕೋಟೆಗೆ ಹೆದ್ದಾರಿಯಿಂದ ಬಂದರೆ ಹುಲ್ಲು ಹೊದ್ದ ಚಿರೆಕಲ್ಲಿನ ಗೋಡೆ, ಕಂದಕ, ಬಾವಿ ಕಾಣುತ್ತವೆ. ಅದು ಇಲ್ಲೇ ಏಕೆ ಇದೆ ಎಂದು ಮಾತ್ರ ತಿಳಿಯುವುದಿಲ್ಲ. ಹೊಳೆಯ ಕಡೆಯಿಂದ ನೋಡಿ. ಘಟ್ಟದ ಮೆಣಸು ಕೆಳಗಿಳಿಯುವ ದಾರಿಯೂ ಭರತದ ನೀರಲ್ಲಿ ದೋಣಿ ಒಳಬರುವ ದಾರಿಯೂ ಈ ಸೀಮೆಯಲ್ಲೇ ಕೂಡುತ್ತವೆ. ಪೋರ್ಚುಗೀಸರು ಮೆಣಸಿನ ರಾಣಿ ಎಂದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರು ಈ ಕೋಟೆಗೆ ಅಂಟಿರುವುದಕ್ಕೂ ಈ ವ್ಯಾಪಾರವೇ ಹಿನ್ನೆಲೆ. ಕೋಟೆಯೊಳಗಿನ ಹೆಂಚಿನ, ಪಿಂಗಾಣಿಯ ಚೂರು ಕಂಡರೆ ಫೋಟೊ ತೆಗೆದು ಇದ್ದಲ್ಲೇ ಬಿಡಿ. ಅದು ಸಂರಕ್ಷಿತ ಸ್ಮಾರಕ, ಮೇಲಾಗಿ ಜಾಗ ತಪ್ಪಿದ ಚೂರಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಹಿರಿಯರನ್ನು ಕೇಳುವಾಗ "ಅಜ್ಜಾ, ಊರಿನ ಇತಿಹಾಸ ಹೇಳಿ" ಎಂದರೆ ದೇವಸ್ಥಾನದ ಕತೆ ಮಾತ್ರ ಬರುತ್ತದೆ. "ತಾರಿ ದೋಣಿ ಎಲ್ಲಿ ನಿಲ್ಲುತ್ತಿತ್ತು? ಹೋಗುವಾಗ ಏನು ಹೇರುತ್ತಿದ್ದರು, ಬರುವಾಗ ಏನು? ನಿಮ್ಮ ಬಾವಿ ಯಾವ ತಿಂಗಳಲ್ಲಿ ಉಪ್ಪಾಗುತ್ತದೆ?" ಎಂದು ಕೇಳಿ. ಬಾವಿಯ ಪ್ರಶ್ನೆಗೆ ಅಜ್ಜಿಯಂದಿರ ಉತ್ತರ ಹೆಚ್ಚು ನಿಖರ, ನೀರು ಸೇದಿದವರು ಅವರು. ಅವರು ಹೇಳಿದ ಗದ್ದೆ, ಧಕ್ಕೆಗಳನ್ನು ಸರ್ಕಾರದ ಭೂನಕ್ಷೆಯ ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರಿನೊಂದಿಗೆ ಗುರುತಿಸಿಕೊಂಡರೆ ಹೆಸರು ಕಳೆಯುವುದಿಲ್ಲ.

ಉಪ್ಪಿನ ಗಡಿ ದಾಟಿ ಸಿದ್ದಾಪುರದ ಕಡೆ ಕಾಡಿಗೆ ಹತ್ತುವವರು ಡಿಸೆಂಬರಿನಿಂದ ಮೇ ತನಕ ಮಂಗನ ಕಾಯಿಲೆಯ ಎಚ್ಚರ ಇಟ್ಟುಕೊಳ್ಳಬೇಕು. ಅದನ್ನು ಹರಡುವುದು ಉಣುಗು. ಕೈಕಾಲಿಗೆ ಉಣುಗನ್ನು ದೂರವಿಡುವ ಡೆಪಾ ಎಣ್ಣೆ ಹಚ್ಚಿ, ಮೈ ಮುಚ್ಚುವ ಬಟ್ಟೆ ಹಾಕಿ, ಮಂಗ ಸತ್ತ ಜಾಗದಿಂದ ದೂರ ಇರಿ. ಹತ್ತಿರದ ಆರೋಗ್ಯ ಕೇಂದ್ರಕ್ಕೂ ತಿಳಿಸಿ. ಮಳೆಗಾಲದಲ್ಲಿ ಹೊಳೆಗೆ ಇಳಿಯಲೇಬಾರದು. ಶಿರಸಿಯಲ್ಲಿ ಸುರಿದ ಮಳೆ, ಇಲ್ಲಿ ಬಿಸಿಲಿದ್ದರೂ ನೀರು ಏರಿಸುತ್ತದೆ.

ಅದೇ ಜಾಗಗಳಲ್ಲಿ ಫೆಬ್ರವರಿ, ಏಪ್ರಿಲ್ ಮತ್ತು ಮೇ ಕೊನೆಗೆ ಅಳತೆ ಮಾಡುತ್ತೇನೆ. ಪುಸ್ತಕದಲ್ಲಿ ಪ್ರತಿ ಅಂಕಿಯ ಜೊತೆ ತಾರೀಖು, ತಿಥಿ, ಭರತದಿಂದ ಎಷ್ಟು ಹೊತ್ತಾಗಿತ್ತು, ಬಾಟಲಿ ಎಷ್ಟು ಆಳಕ್ಕೆ ಇಳಿದಿತ್ತು ಎಂದು ಬರೆಯಬೇಕು. ಇವು ನಾಲ್ಕರಲ್ಲಿ ಒಂದು ಬಿಟ್ಟರೂ ಆ ಅಂಕಿಯನ್ನು ಮುಂದಿನ ವರ್ಷದ್ದರ ಜೊತೆ ಹೋಲಿಸಲು ಬರುವುದಿಲ್ಲ.