ಸ್ಪ್ರಿಂಟ್‌ನ ಶ್ರಮವನ್ನೂ ಫಲಿತಾಂಶವನ್ನೂ ದಾಖಲಿಸುವ ಕ್ರಮ

ಸ್ಪ್ರಿಂಟ್ (ಆಯ್ದ ಕೆಲಸಗಳನ್ನು ಮುಗಿಸಲು ತಂತ್ರಾಂಶ ತಂಡ ಇಟ್ಟುಕೊಳ್ಳುವ ನಿಗದಿತ ಕಿರು ಅವಧಿ) ಆರಂಭವಾದ ದಿನವೇ, ತಂಡವು ಕೈಗೆತ್ತಿಕೊಂಡ ಕೆಲಸಗಳ ಪಟ್ಟಿಯನ್ನೂ ಅವುಗಳ ಒಟ್ಟು ಸ್ಟೋರಿ ಪಾಯಿಂಟ್‌ಗಳನ್ನೂ (ಕೆಲಸದ ಗಾತ್ರಕ್ಕೆ ತಂಡ ಕೊಡುವ ಅಂದಾಜು ಅಂಕಗಳು) ಬರೆದಿಟ್ಟುಕೊಳ್ಳಬೇಕು. ನಡುವೆ ಸೇರಿದ ಅಥವಾ ಕೈಬಿಟ್ಟ ಕೆಲಸಗಳನ್ನು ಈ ಮೂಲ ಪಟ್ಟಿಯೊಳಗೆ ಬೆರೆಸದೆ, ದಿನಾಂಕ ಮತ್ತು ಕಾರಣಗಳೊಂದಿಗೆ ಬೇರೆಯಾಗಿ ನಮೂದಿಸಬೇಕು. ಹೀಗೆ ಮಾಡದಿದ್ದರೆ, ಅಂದಾಜು ತಪ್ಪಿತೋ ಕೆಲಸದ ವ್ಯಾಪ್ತಿಯೇ ಹಿಗ್ಗಿತೋ ಎಂಬುದನ್ನು ಕೊನೆಯಲ್ಲಿ ಯಾರೂ ಹೇಳಲಾರರು.

ಪ್ರತಿದಿನ ದಾಖಲಿಸಬೇಕಾದದ್ದು ಕಳೆದ ಗಂಟೆಗಳಿಗಿಂತ ಮುಖ್ಯವಾಗಿ ಉಳಿದ ಕೆಲಸ. 6 ಗಂಟೆಯ ಅಂದಾಜಿದ್ದ ಕೆಲಸಕ್ಕೆ 4 ಗಂಟೆ ವ್ಯಯಿಸಿದ ಮೇಲೂ ಇನ್ನೂ 5 ಗಂಟೆ ಬೇಕೆನಿಸಿದರೆ, ಉಳಿದದ್ದು 5 ಎಂದೇ ಬರೆಯಬೇಕು. ಬರ್ನ್‌ಡೌನ್ ನಕ್ಷೆ (ಉಳಿದ ಕೆಲಸ ದಿನದಿಂದ ದಿನಕ್ಕೆ ಎಷ್ಟಿದೆ ಎಂದು ತೋರಿಸುವ ರೇಖಾಚಿತ್ರ) ನಿಜ ಹೇಳುವುದು ಆಗ ಮಾತ್ರ.

ಸ್ಪ್ರಿಂಟ್ ಮುಗಿದಾಗ, ಪರೀಕ್ಷೆಯೂ ಸೇರಿದಂತೆ ತಂಡ ಒಪ್ಪಿಕೊಂಡ ಮಾನದಂಡವನ್ನು ಪೂರೈಸಿದ ಕೆಲಸಗಳ ಪಾಯಿಂಟ್‌ಗಳನ್ನಷ್ಟೇ ವೆಲಾಸಿಟಿಗೆ (ಒಂದು ಸ್ಪ್ರಿಂಟ್‌ನಲ್ಲಿ ತಂಡ ಮುಗಿಸಿದ ಒಟ್ಟು ಪಾಯಿಂಟ್‌ಗಳ ಲೆಕ್ಕಕ್ಕೆ) ಸೇರಿಸಿ. 8 ಪಾಯಿಂಟ್‌ನ ಕೆಲಸ ಬಹುಪಾಲು ಮುಗಿದಿದ್ದರೂ ಅದರ ಲೆಕ್ಕ ಸೊನ್ನೆಯೇ. ಇದು ಕಠಿಣವೆನಿಸಬಹುದು; ಆದರೆ ಅರ್ಧಂಬರ್ಧ ಅಂಕ ಕೊಡುತ್ತಾ ಹೋದರೆ ಬಾಕಿ ಕೆಲಸ ಯಾರ ಗಮನಕ್ಕೂ ಬಾರದೆ ಬೆಳೆಯುತ್ತದೆ. ಮೂಲ ಪಟ್ಟಿಯ 30 ಪಾಯಿಂಟ್‌ಗಳಲ್ಲಿ 24 ಪೂರ್ಣಗೊಂಡಿದ್ದರೆ ಯೋಜನೆಯ ಈಡೇರಿಕೆ ಶೇ. 80, ನಡುವೆ ಸೇರಿ ಮುಗಿದ 5 ಪಾಯಿಂಟ್‌ಗಳನ್ನೂ ಕೂಡಿಸಿದರೆ ವೆಲಾಸಿಟಿ 29. ಇವೆರಡನ್ನೂ ಬೇರೆ ಬೇರೆಯಾಗಿಯೇ ತೋರಿಸಬೇಕು.

ಮುಂದಿನ ಯೋಜನೆಗೆ ಒಂದೇ ಸ್ಪ್ರಿಂಟ್‌ನ ಅಂಕಿಯನ್ನು ನಂಬದೆ, ಕಳೆದ ಮೂರರಿಂದ ಐದು ಸ್ಪ್ರಿಂಟ್‌ಗಳ ಸರಾಸರಿಯನ್ನೂ ಕನಿಷ್ಠ, ಗರಿಷ್ಠಗಳನ್ನೂ ನೋಡಿ, ರಜೆಯಲ್ಲಿರುವವರ ಪಾಲನ್ನು ಕಳೆಯಿರಿ. ಸ್ಟೋರಿ ಪಾಯಿಂಟ್ ಆಯಾ ತಂಡದ ಸಾಪೇಕ್ಷ ಅಳತೆಯಾದ್ದರಿಂದ, ಅದನ್ನು ಹಿಡಿದು ತಂಡಗಳನ್ನಾಗಲಿ ವ್ಯಕ್ತಿಗಳನ್ನಾಗಲಿ ಹೋಲಿಸುವುದು ಖಂಡಿತ ಸಲ್ಲದು. ಅಂತಹ ಹೋಲಿಕೆ ಶುರುವಾದರೆ ಅಂದಾಜುಗಳು ಉಬ್ಬತೊಡಗುತ್ತವೆ.